ದಾರದ ಚಹಾ, ಡಬ್ಬಿಯ ಚಹಾ

ಚಹಾ ಕುರಿತು ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಹೆಚ್ಚಿನವು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತವೆ: ಟೀ ಬ್ಯಾಗಿನ ರುಚಿ ಬಿಡಿ ಪುಡಿಯ ರುಚಿಗೆ ಸಮ ಬರುತ್ತದೆಯೇ, ಬಾರದಿದ್ದರೆ ಏಕೆ? ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು.

ಪ್ರಶ್ನೆ: ಒಂದೇ ಕಂಪನಿಯ ಪುಡಿಯನ್ನೂ ಟೀ ಬ್ಯಾಗನ್ನೂ ತರುತ್ತೇವೆ. ಬ್ಯಾಗಿನ ಟೀ ಯಾವಾಗಲೂ ನೀರುನೀರು. ಬ್ಯಾಗಿಗೆ ಕಳಪೆ ಮಾಲು ತುಂಬುತ್ತಾರೆ ಎಂಬುದು ನಮ್ಮ ಮನೆಯವರ ವಾದ. ಮನೆಯಲ್ಲೇ ಪರೀಕ್ಷೆ ಮಾಡಿ ನೋಡಲು ಸಾಧ್ಯವೇ?
(ಓದುಗರೊಬ್ಬರು, ತುಮಕೂರು)

ಉತ್ತರ: ಖಂಡಿತ ಸಾಧ್ಯ. ಮೊದಲು ತೂಕ ಸರಿಮಾಡಿಕೊಳ್ಳಿ. ನಮ್ಮಲ್ಲಿ ಸಿಗುವ ಸಾಮಾನ್ಯ ಬ್ಯಾಗಿನಲ್ಲಿರುವುದು 2 ಗ್ರಾಂ ಚಹಾ. 100 ಬ್ಯಾಗಿನ ಪೆಟ್ಟಿಗೆಯ ಮೇಲೆ 200 ಗ್ರಾಂ ಎಂದು ಅಚ್ಚಾಗಿರುವುದನ್ನು ನೋಡಿ. ಪುಡಿ ಹಾಕುವಾಗ ನಾವು ನಂಬುವುದು ಚಮಚವನ್ನು. ಮಟ್ಟಸವಾಗಿ ತುಂಬಿದ ಒಂದು ಟೀ ಚಮಚ ಡಸ್ಟ್, ಅಂದರೆ ಅತಿ ಸಣ್ಣ ಕಾಳಿನ ಪುಡಿ, ಸುಮಾರು 3 ಗ್ರಾಂ ತೂಗುತ್ತದೆ, ಗೋಪುರ ಮಾಡಿದರೆ ಇನ್ನೂ ಹೆಚ್ಚು. ಮೇಲಾಗಿ ಪುಡಿಯನ್ನು ಕುದಿಸುತ್ತೇವೆ, ಬ್ಯಾಗನ್ನು ಬರೀ ಅದ್ದಿ ತೆಗೆಯುತ್ತೇವೆ. ಹೀಗಿರುವಾಗ ಬ್ಯಾಗು ಸೋಲದೆ ಇನ್ನೇನಾದೀತು?

ಚಹಾ ರುಚಿ ನೋಡಲು ಅಂತರರಾಷ್ಟ್ರೀಯ ಮಾನದಂಡವೇ ಇದೆ, 1980ರಲ್ಲಿ ಮೊದಲು ಬಂದ ಐಎಸ್‌ಒ 3103. ಅದರ ಸಾರ ಇಷ್ಟು: 100 ಮಿಲಿ ನೀರಿಗೆ 2 ಗ್ರಾಂ ಚಹಾ, ಆಗಷ್ಟೇ ಕುದಿ ಬಂದ ನೀರು, ಮುಚ್ಚಿಟ್ಟು 6 ನಿಮಿಷ, ಬಿಳಿ ಪಿಂಗಾಣಿ ಪಾತ್ರೆ. ಕುಡಿಯಲು ಇದು ವಿಪರೀತ ಕಡಕ್. ದೋಷವಿದ್ದರೆ ಎದ್ದು ಕಾಣಲಿ ಎಂದೇ ಹಾಗೆ ಮಾಡುವುದು.

ಮನೆಯಲ್ಲಿ ಒಂದೇ ಅಳತೆಯ ನಾಲ್ಕು ಬಿಳಿ ಕಪ್ಪು, ಮುಚ್ಚಲು ನಾಲ್ಕು ಬಸಿ ಇಟ್ಟುಕೊಳ್ಳಿ. ಸ್ಟೀಲ್ ಲೋಟ ಬೇಡ, ಅದರಲ್ಲಿ ಬಿಸಿ ಬೇಗ ಇಳಿಯುತ್ತದೆ. ಮೊದಲನೆಯ ಕಪ್ಪಿಗೆ ಬ್ಯಾಗನ್ನು ಇದ್ದ ಹಾಗೇ ಹಾಕಿ. ಎರಡನೆಯದಕ್ಕೆ ಇನ್ನೊಂದು ಬ್ಯಾಗನ್ನು ಮೇಲ್ತುದಿಯಲ್ಲಿ ಕತ್ತರಿಸಿ ಒಳಗಿನ ಪುಡಿಯನ್ನಷ್ಟೇ ಸುರಿಯಿರಿ. ಮೂರನೆಯದಕ್ಕೆ ಡಬ್ಬಿಯ ಪುಡಿ 2 ಗ್ರಾಂ. ನಾಲ್ಕನೆಯದಕ್ಕೆ ಅದೇ ಡಬ್ಬಿಯ ಪುಡಿ 2 ಗ್ರಾಂ, ಆದರೆ ಆಗ ಖಾಲಿ ಮಾಡಿದ ಬ್ಯಾಗಿನೊಳಗೆ ತುಂಬಿ, ಬಾಯಿ ಮಡಚಿ ದಾರ ಸುತ್ತಿ. ಈ ನಾಲ್ಕನೆಯ ಕಪ್ಪನ್ನು ಬಿಡಬೇಡಿ. ಒಂದಕ್ಕೂ ಎರಡಕ್ಕೂ ಇರುವ ವ್ಯತ್ಯಾಸ ಕಾಗದದ್ದು. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ ಮಾಲಿನದ್ದು. ಮೂರಕ್ಕೂ ನಾಲ್ಕಕ್ಕೂ ಇರುವುದು ಮತ್ತೆ ಕಾಗದದ್ದು. ಮನೆಯಲ್ಲಿ ನಡೆಯುವ ಜಗಳದಲ್ಲಿ ಇವೆರಡೂ ಕಲಸಿಹೋಗಿರುತ್ತವೆ.

2 ಗ್ರಾಂ ತೂಗಲು ಅಡುಗೆಮನೆಯ ದೊಡ್ಡ ತಕ್ಕಡಿ ಆಗದು. 0.1 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಅದಿಲ್ಲದಿದ್ದರೆ 20 ಗ್ರಾಂ ತೂಗಿ ಕಾಗದದ ಮೇಲೆ ಹರಡಿ, ಹತ್ತು ಸಮಪಾಲು ಮಾಡಿ. ನಾಲ್ಕೂ ಕಪ್ಪಿಗೆ ಒಂದೇ ಕೆಟಲ್ಲಿನಿಂದ 100 ಮಿಲಿ ನೀರು ಹೊಯ್ದು, ಮುಚ್ಚಿ, ಕಲಕದೆ ಬಿಡಿ. 6 ನಿಮಿಷಕ್ಕೆ ಬ್ಯಾಗುಗಳನ್ನು ಹಿಂಡದೆ ಎತ್ತಿ, ಬಿಡಿ ಪುಡಿಯದನ್ನು ಸೋಸಿ.

ಕುಡಿಯುವ ಮೊದಲು ಚರಟ ನೋಡಿ. ಬಸಿಯ ಮೇಲೆ ಹರಡಿದಾಗ ತಾಮ್ರದ ಹೊಳಪಿದ್ದರೆ ಒಳ್ಳೆಯ ಚಹಾ. ಮಂಕು ಕಪ್ಪಾಗಿ, ಹಳೆಯ ಗೋಣಿಯ ವಾಸನೆ ಬಂದರೆ ಮಾಲು ಹಳತು. ಆಮೇಲೆ ಡಿಕಾಕ್ಷನ್: ಬರೀ ಬಣ್ಣ ಬೇರೆ, ಬೆಳಗುವ ಬಣ್ಣ ಬೇರೆ. ಕಪ್ಪಿನ ಅಂಚಿನಲ್ಲಿ ಕೆಂಪು ಬಂಗಾರದ ಉಂಗುರ ಕಂಡರೆ ಅದು ಥಿಯಾಫ್ಲಾವಿನ್ ಎಂಬ ಅಂಶದ ಕೆಲಸ, ನಾಲಿಗೆಯನ್ನು ಚುರುಕುಗೊಳಿಸುವ ಒಗರೂ ಅದರದೇ. ಗಾಢ ಕಂದು ಬಣ್ಣ, ಬಾಯಿ ತುಂಬುವ ಗುಣ ಥಿಯಾರುಬಿಜಿನ್‌ನಿಂದ ಬರುತ್ತವೆ. ನಾಲಿಗೆ ಸುಡದಷ್ಟು ಆರಿದ ಮೇಲೆ ಸೊರ್ರೆಂದು ಸದ್ದು ಬರುವಂತೆ ಹೀರಿ. ಗಾಳಿಯ ಜತೆ ಹೀರಿದಾಗಲೇ ಘಮ ಮೂಗಿನ ಹಿಂಬದಿಗೆ ತಲುಪುವುದು. ಕೊನೆಗೆ ಪ್ರತಿ ಕಪ್ಪಿಗೂ ಒಂದೇ ಅಳತೆಯ, ಅರ್ಧ ಟೀ ಚಮಚ ಹಾಲು. ಸತ್ವವಿರುವ ಚಹಾ ಕಿತ್ತಳೆ ಮಿಶ್ರಿತ ಬಂಗಾರದ ಬಣ್ಣಕ್ಕೆ ತಿರುಗುತ್ತದೆ, ಸತ್ವ ಕಡಿಮೆಯಾದದ್ದು ಬೂದಿ ಬಣ್ಣಕ್ಕೆ.

ತಣ್ಣಗಾದ ಮೇಲೆ ಹಾಲು ಹಾಕದ ಡಿಕಾಕ್ಷನ್ ಮೋಡ ಕವಿದಂತೆ ಕದಡಿದರೆ ಕಲಬೆರಕೆ ಎಂದು ಚೆಲ್ಲಬೇಡಿ. ಕೆಫೀನ್ ಈ ಒಗರಿನ ಅಂಶಗಳ ಜತೆ ಕೂಡಿದಾಗ ಹಾಗಾಗುತ್ತದೆ. ಅದು ಗಟ್ಟಿ ಚಹಾದ ಗುರುತು.

ಯಾವ ಕಪ್ಪು ಯಾವುದೆಂದು ಗೊತ್ತಿದ್ದರೆ ನಾಲಿಗೆ ಸುಳ್ಳು ಹೇಳುತ್ತದೆ. ಒಬ್ಬರು ಮರೆಯಲ್ಲಿ ಮೂರು ಕಪ್ಪು ಸಿದ್ಧಮಾಡಲಿ: ಎರಡರಲ್ಲಿ ಒಂದೇ ಚಹಾ, ಮೂರನೆಯದರಲ್ಲಿ ಬೇರೆ. ಬೇರೆಯದನ್ನು ಹುಡುಕುವುದು ನಿಮ್ಮ ಕೆಲಸ. ಹೀಗೆ ಆರು ಸಲ ಮಾಡಿ. ಸುಮ್ಮನೆ ಊಹಿಸಿದರೂ ಆರರಲ್ಲಿ ಸರಾಸರಿ ಎರಡು ಸರಿ ಬರುತ್ತವೆ. ಐದು ಅಥವಾ ಆರು ಸರಿಯಾದರೆ ಅದು ನಾಲಿಗೆಯ ಗೆಲುವು, ಊಹೆಯಿಂದ ಅಷ್ಟು ಬರುವ ಸಂಭವ ನೂರಕ್ಕೆ ಎರಡರಷ್ಟೂ ಇಲ್ಲ. ನಾಲ್ಕು ಬಂದರೆ ಇನ್ನಷ್ಟು ಸುತ್ತು ಬೇಕು.

ಪ್ರಶ್ನೆ: ಬ್ಯಾಗಿನಲ್ಲಿರುವುದು ಫ್ಯಾಕ್ಟರಿ ನೆಲ ಗುಡಿಸಿದ ಧೂಳು, ಅದಕ್ಕೇ ಡಸ್ಟ್ ಎನ್ನುತ್ತಾರೆ ಎಂಬ ಮಾತು ನಿಜವೇ?
(ಹುಬ್ಬಳ್ಳಿ)

ಉತ್ತರ: ಅಲ್ಲ. ಡಸ್ಟ್ ಎಂಬುದು ಜರಡಿ ಹಿಡಿದಾಗ ಸಿಗುವ ಕಾಳಿನ ಗಾತ್ರದ ಹೆಸರು. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಸಿಟಿಸಿ ಯಂತ್ರ ಎಲೆಯನ್ನು ಹಲ್ಲುಳ್ಳ ರೋಲರುಗಳ ನಡುವೆ ಜಜ್ಜಿ, ಹರಿದು, ಸುರುಳಿ ಸುತ್ತುತ್ತದೆ. ಒಣಗಿದ ಮೇಲೆ ಜರಡಿಗಳ ಮೇಲೆ ಓಡಿಸಿದರೆ ದಪ್ಪ ಕಾಳು ಬಿಪಿ, ಅದಕ್ಕಿಂತ ಸಣ್ಣದು ಪಿಎಫ್, ಇನ್ನೂ ಸಣ್ಣದು ಪಿಡಿ ಮತ್ತು ಡಸ್ಟ್. ಬ್ಯಾಗಿಗೆ ಹೋಗುವುದು ಸಾಮಾನ್ಯವಾಗಿ ಪಿಎಫ್ ಮತ್ತು ಪಿಡಿ. ಎರಡು ಮೂರು ನಿಮಿಷದಲ್ಲಿ ಬಣ್ಣ ಬಿಡಬೇಕು, ಕಾಗದದ ರಂಧ್ರದಿಂದ ಹೊರಗೂ ಜಾರಬಾರದು, ಅದಕ್ಕೆ ಹೊಂದುವ ಗಾತ್ರ ಇದೇ. ದಕ್ಷಿಣ ಭಾರತದ ಹೋಟೆಲುಗಳಲ್ಲಿ ಬಟ್ಟೆಯ ಸೋಸಣಿಗೆಯಲ್ಲಿ ಇಳಿಯುವ ಚಹಾ ಬಹುಪಾಲು ಡಸ್ಟೇ. ಅದನ್ನು ಖುಷಿಯಿಂದ ಕುಡಿದು ಬ್ಯಾಗಿನದ್ದನ್ನು ಧೂಳು ಎನ್ನುವುದು ನ್ಯಾಯವಲ್ಲ.

ಸಣ್ಣ ಕಾಳಿಗೆ ಒಂದು ನಿಜವಾದ ಕೊರತೆ ಇದೆ. ಮೇಲ್ಮೈ ಹೆಚ್ಚಾದಷ್ಟೂ ಬಣ್ಣ, ಕೆಫೀನ್, ಒಗರು ಬೇಗ ಇಳಿಯುತ್ತವೆ. ಅಷ್ಟೇ ಬೇಗ ಘಮವೂ ಗಾಳಿಗೆ ಹಾರಿಹೋಗುತ್ತದೆ. ಡಾರ್ಜಿಲಿಂಗ್, ನೀಲಗಿರಿ ಅಥವಾ ನಮ್ಮ ಚಿಕ್ಕಮಗಳೂರಿನ ಕೆಳಗೂರಿನ ಕಡೆಯ ಎಲೆಯ ಚಹಾ ಕೊಳ್ಳುವವರು ದುಡ್ಡು ಕೊಡುವುದೇ ಘಮಕ್ಕೆ. ಅವರಿಗೆ ಬಿಡಿ ಎಲೆಯೇ ಸರಿ. ಉದ್ದ ಎಲೆ ನೀರಿನಲ್ಲಿ ಬಿಚ್ಚಿಕೊಂಡು ಹಲವು ಪಟ್ಟು ಉಬ್ಬುತ್ತದೆ. ಚಪ್ಪಟೆ ಬ್ಯಾಗಿನಲ್ಲಿ ಅದಕ್ಕೆ ಜಾಗವೇ ಇಲ್ಲ.

ಪ್ರಶ್ನೆ: ಬಿಸಿ ಹಾಲಿಗೆ ಬ್ಯಾಗ್ ಅದ್ದಿದರೆ ಎಷ್ಟು ಹೊತ್ತಾದರೂ ತಿಳಿ ಬಾದಾಮಿ ಬಣ್ಣವೇ. ಏನು ತಪ್ಪಾಗುತ್ತಿದೆ?
(ದಾವಣಗೆರೆ)

ಉತ್ತರ: ಹಾಲು ಮೊದಲು ಬಂದದ್ದೇ ತಪ್ಪು. ಹಾಲಿನ ಕೇಸೀನ್ ಚಹಾದ ಒಗರಿನ ಅಂಶಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಲಿನ ಕೆನೆ ಕಾಗದದ ರಂಧ್ರಕ್ಕೆ ಅಂಟುತ್ತದೆ, ಲೋಟಕ್ಕೆ ಬರುವಷ್ಟರಲ್ಲಿ ಹಾಲಿನ ಬಿಸಿಯೂ ಇಳಿದಿರುತ್ತದೆ. ಹೀಗೆ ಮಾಡಿ: 100 ಮಿಲಿ ಕುದಿನೀರಿಗೆ ಎರಡು ಬ್ಯಾಗ್, ಮುಚ್ಚಿಟ್ಟು 4 ನಿಮಿಷ, ನಡುವೆ ಆರೇಳು ಸಲ ಎತ್ತಿ ಅದ್ದಿ. ಬ್ಯಾಗ್ ತೆಗೆದ ಮೇಲೆ 60 ಮಿಲಿ ಕುದಿಸಿದ ಹಾಲು, ಸಕ್ಕರೆ. ಬೆಂಗಳೂರಿನ ಎತ್ತರದಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ, ಮಡಿಕೇರಿಯಲ್ಲಿ 96ರಲ್ಲಿ. ಆದ್ದರಿಂದ ಕುದಿ ಬಂದ ಕೂಡಲೇ ಹೊಯ್ಯಿರಿ. ಶುಂಠಿ ಹಾಕುವುದಾದರೆ ನೀರಿನಲ್ಲೇ ಚೆನ್ನಾಗಿ ಕುದಿಸಿ. ಹಸಿ ಶುಂಠಿಯ ಕಿಣ್ವ ಹಾಲನ್ನು ಒಡೆಸುತ್ತದೆ.

ಇನ್ನು ದಿನಕ್ಕೆ ಐದಾರು ಜನಕ್ಕೆ ಹಾಲಿನ ಚಹಾ ಕಾಯಿಸುವ ಮನೆಗೆ ಬ್ಯಾಗ್ ಬೇಡವೇ ಬೇಡ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಪೆಟ್ಟಿಗೆಯ ಬೆಲೆಯನ್ನು ಗ್ರಾಮಿನ ಲೆಕ್ಕಕ್ಕೆ ಭಾಗಿಸಿ, ಪುಡಿಯ ಬೆಲೆಯ ಪಕ್ಕ ಇಟ್ಟು ನೋಡಿ. ಕಾಗದ, ದಾರ, ಚೀಟಿ, ಪೆಟ್ಟಿಗೆಗೆ ಕೊಡುವ ದುಡ್ಡೆಷ್ಟು ಎಂದು ತಿಳಿಯುತ್ತದೆ.

ಪ್ರಶ್ನೆ: ಮಗಳು ಇಂಗ್ಲೆಂಡಿನಿಂದ ತಂದ ಬ್ಯಾಗ್ ಇಲ್ಲಿ ವಿಪರೀತ ಕಡಕ್ ಬರುತ್ತದೆ. ಅದೇ ಬ್ಯಾಗು ಅಲ್ಲಿ ಸಪ್ಪೆ, ಮೇಲೆ ಕೆನೆಯಂಥ ಪೊರೆ ಕಟ್ಟುತ್ತದೆ ಎನ್ನುತ್ತಾಳೆ. ಅದೇಕೆ?
(ಮೈಸೂರು)

ಉತ್ತರ: ಮತ್ತೆ ತೂಕ ನೋಡಿ. ಅಲ್ಲಿನ 80 ಬ್ಯಾಗಿನ ಪೆಟ್ಟಿಗೆ ಸಾಮಾನ್ಯವಾಗಿ 250 ಗ್ರಾಂ, ಅಂದರೆ ಒಂದರಲ್ಲಿ 3 ಗ್ರಾಂಗೂ ತುಸು ಹೆಚ್ಚು. ದೊಡ್ಡ ಮಗ್ಗಿಗೆಂದೇ ಮಾಡಿದ್ದು. ನಮ್ಮ 120 ಮಿಲಿ ಲೋಟಕ್ಕೆ ಹಾಕಿದರೆ ಕಡಕ್ ಆಗದೇ ಇದ್ದೀತೇ? 250 ಮಿಲಿ ನೀರಿಗೆ ಒಂದು ಹಾಕಿ. ಪೊರೆ ನೀರಿನ ಕಾಟ. ಲಂಡನ್ನಿನ ನೀರು ಸುಣ್ಣದ ಕಲ್ಲಿನ ನೆಲದಿಂದ ಬರುವ ಗಡಸು ನೀರು. ಅದರ ಕ್ಯಾಲ್ಸಿಯಂ ಚಹಾದ ಅಂಶಗಳ ಜತೆ ಸೇರಿ ಮೇಲ್ಮೈಯಲ್ಲಿ ಪೊರೆ ಕಟ್ಟುತ್ತದೆ, ಬಣ್ಣ ಮಂಕಾಗುತ್ತದೆ. ಗಡಸಾದ ಬೋರ್‌ವೆಲ್ ನೀರಿನಲ್ಲಿ ಇಲ್ಲಿಯೂ ಹೀಗೇ. ಹಾಲಿಲ್ಲದ ಚಹಾಕ್ಕೆ ನಾಲ್ಕು ಹನಿ ನಿಂಬೆರಸ ಬಿದ್ದರೆ ಪೊರೆ ಕರಗುತ್ತದೆ. ರುಚಿ ಹೋಲಿಸಲು ಕೂತಾಗಲಂತೂ ಎಲ್ಲ ಕಪ್ಪಿಗೂ ಒಂದೇ ನೀರು ಇರಲಿ.

ಪ್ರಶ್ನೆ: ಗ್ರೀನ್ ಟೀ ಬ್ಯಾಗ್ ಕಹಿಯಾಗುತ್ತದೆ. ಬ್ಯಾಗನ್ನು ಹಿಂಡಬಹುದೇ?
(ಕಲಬುರಗಿ)

ಉತ್ತರ: ಹಿಂಡಬೇಡಿ, ಕೊನೆಗೆ ಉಳಿದ ಒಗರು ರಸ, ನುಣ್ಣನೆಯ ಗಸಿ ಎರಡೂ ಕಪ್ಪಿಗೆ ಬರುತ್ತವೆ. ಕಹಿಗೆ ಮೂಲ ಕುದಿನೀರು. 80 ಡಿಗ್ರಿ ಸಾಕು. ಥರ್ಮಾಮೀಟರ್ ಬೇಕಿಲ್ಲ: ಮೂರು ಪಾಲು ಕುದಿನೀರಿಗೆ ಒಂದು ಪಾಲು ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಎರಡು ನಿಮಿಷಕ್ಕೆ ತೆಗೆಯಿರಿ.

ಪ್ರಶ್ನೆ: ಬ್ಯಾಗಿನಲ್ಲಿ ಪ್ಲಾಸ್ಟಿಕ್ ಇದೆಯೆಂದು ಕೇಳಿ ಗಾಬರಿಯಾಗಿದೆ. ಗುರುತಿಸುವುದು ಹೇಗೆ?
(ಬೆಂಗಳೂರು)

ಉತ್ತರ: ಮೂರು ಬಗೆ ನೆನಪಿಡಿ. ಮಡಚಿ ಪಿನ್ನು ಹೊಡೆದ ಅಥವಾ ದಾರದ ಗಂಟು ಹಾಕಿದ ಎರಡು ಕೋಣೆಯ ಬ್ಯಾಗು ಹೆಚ್ಚಾಗಿ ಅಬಾಕಾ ಎಂಬ ಬಾಳೆ ಜಾತಿಯ ಗಿಡದ ನಾರು ಮತ್ತು ಮರದ ತಿರುಳಿನ ಕಾಗದ. ಸುತ್ತ ಅಂಚನ್ನು ಬಿಸಿಯಲ್ಲಿ ಒತ್ತಿ ಮುಚ್ಚಿದ ಚಪ್ಪಟೆ ಬ್ಯಾಗಿನ ಕಾಗದದಲ್ಲಿ ಅಂಟಲೆಂದು ಪಾಲಿಪ್ರೊಪಿಲೀನ್‌ನಂಥ ಎಳೆ ಬೆರೆಸಿರುತ್ತಾರೆ. ಪಾರದರ್ಶಕ ಬಲೆಯ ಪಿರಮಿಡ್ ಬ್ಯಾಗು ನೈಲಾನ್, ಪೆಟ್ (ನೀರಿನ ಬಾಟಲಿಯ ಪ್ಲಾಸ್ಟಿಕ್) ಅಥವಾ ಮೆಕ್ಕೆಜೋಳದಂಥ ಬೆಳೆಯಿಂದ ತೆಗೆದ ಪ್ಲಾಸ್ಟಿಕ್ಕಾದ ಪಿಎಲ್‌ಎ. ಖಾಲಿ ಬ್ಯಾಗಿನ ಚೂರನ್ನು ಇಕ್ಕಳದಲ್ಲಿ ಹಿಡಿದು, ಕಿಟಕಿ ತೆರೆದಿಟ್ಟು, ಬೆಂಕಿಗೆ ಒಡ್ಡಿ. ಕಾಗದ ಸುಟ್ಟು ಬೂದಿಯಾಗುತ್ತದೆ, ಬಲೆ ಕರಗಿ ಗಟ್ಟಿ ಮಣಿಯಾಗುತ್ತದೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 95 ಡಿಗ್ರಿ ನೀರಿಗೆ ಹಾಕಿದ ಒಂದು ಪ್ಲಾಸ್ಟಿಕ್ ಬ್ಯಾಗಿನಿಂದ ಸುಮಾರು 1,160 ಕೋಟಿ ಸೂಕ್ಷ್ಮ ಕಣ ಬಿಡುಗಡೆಯಾದವೆಂಬ ಎಣಿಕೆ ಇದೆ. ಅದು ಪ್ಲಾಸ್ಟಿಕ್ ಬಲೆಯ ಬ್ಯಾಗಿನ ಲೆಕ್ಕ, ಕಾಗದದ್ದಲ್ಲ. ಪಿರಮಿಡ್ಡಿನಲ್ಲಿ ಎಲೆಗೆ ಜಾಗ ಹೆಚ್ಚು, ರುಚಿ ಚೆನ್ನ, ನಿಜ. ಆದರೆ ಅದೇ ಎಲೆಯನ್ನು ಸ್ಟೀಲ್ ಜಾಲರಿಯಲ್ಲಿ ಹಾಕಿದರೆ ಇನ್ನೂ ಹೆಚ್ಚು ಜಾಗ ಸಿಗುತ್ತದೆ. ಪಿಎಲ್‌ಎ ಬಲೆ ಮನೆಯ ಗೊಬ್ಬರದ ಗುಂಡಿಯಲ್ಲಿ ಬೇಗ ಕೊಳೆಯುವುದಿಲ್ಲ. ಚರಟವನ್ನಷ್ಟೇ ಗಿಡಕ್ಕೆ ಹಾಕಿ.

ಪ್ರಶ್ನೆ: ಮಳೆಗಾಲದಲ್ಲಿ ಬ್ಯಾಗೂ ಪುಡಿಯೂ ಎರಡೂ ರುಚಿಗೆಡುತ್ತವೆ.
(ತೀರ್ಥಹಳ್ಳಿ)

ಉತ್ತರ: ಚಹಾ ತೇವವನ್ನೂ ವಾಸನೆಯನ್ನೂ ಹತ್ತಿಯಂತೆ ಹೀರುತ್ತದೆ. ಒಂದೊಂದಕ್ಕೂ ಬೇರೆ ಲಕೋಟೆ ಇಲ್ಲದ ಬ್ಯಾಗುಗಳ ಪೆಟ್ಟಿಗೆಯನ್ನು ಇಂಗು, ಸಾರಿನ ಪುಡಿ ಇರುವ ಕಪಾಟಿನಲ್ಲಿ ಇಟ್ಟರೆ ವಾರದೊಳಗೆ ಚಹಾದಲ್ಲಿ ಸಾರಿನ ಘಮ ಬಂದೀತು. ತೆರೆದ ಪೆಟ್ಟಿಗೆಯ ಬ್ಯಾಗುಗಳನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ವರ್ಗಾಯಿಸಿ, ಒಲೆಯಿಂದ ದೂರ ಇಡಿ. ಫ್ರಿಜ್ ಬೇಡ, ಹೊರತೆಗೆದಾಗ ತೇವ ಕೂರುತ್ತದೆ. ಪುಡಿಯನ್ನು ಎರಡು ಡಬ್ಬಿ ಮಾಡಿ. ದಿನಬಳಕೆಗೆ ಹತ್ತು ದಿನಕ್ಕಾಗುವಷ್ಟು, ಮಿಕ್ಕದ್ದು ತೆರೆಯದೆ. ಕಾಳನ್ನು ಎರಡು ಉಗುರಿನ ನಡುವೆ ಒತ್ತಿದರೆ ಪಟ್ಟೆಂದು ಮುರಿಯಬೇಕು. ಬಾಗಿ ಚಪ್ಪಟೆಯಾದರೆ ತೇವ ಹಿಡಿದಿದೆ. ಇನ್ನೂ ಬೂಷ್ಟಿನ ವಾಸನೆ ಬಾರದಿದ್ದರೆ, ದಪ್ಪ ತಳದ ಬಾಣಲೆ ಬಿಸಿಮಾಡಿ, ಒಲೆ ಆರಿಸಿ, ಪುಡಿಯನ್ನು ಐದು ನಿಮಿಷ ಅದರಲ್ಲಿ ಹರಡಿ. ಗರಿಗರಿ ಮರಳುತ್ತದೆ, ಹೋದ ಘಮ ಮರಳುವುದಿಲ್ಲ. ಬೂಷ್ಟು ವಾಸನೆ ಬಂದಿದ್ದರೆ ಎಸೆದುಬಿಡಿ.