‘ಎಲ್ಲರಿಗೂ’ ಎಂದು ಬರೆಯಬೇಡಿ

ಪ್ರಶ್ನೆ: ನಾನು ವಿಜ್ಞಾನದ ವಿದ್ಯಾರ್ಥಿನಿ. ಈ ಸೆಮಿಸ್ಟರ್‌ನಲ್ಲಿ ಐಚ್ಛಿಕ ವಿಷಯವಾಗಿ ಮಾರ್ಕೆಟಿಂಗ್ ತತ್ವಗಳನ್ನು ಆರಿಸಿಕೊಂಡೆ. ಸುಲಭ ಅಂತ ಸೀನಿಯರ್‌ಗಳು ಹೇಳಿದ್ದರು. ಓದುವಾಗ ಎಲ್ಲವೂ ಗೊತ್ತಿರುವುದೇ ಅನ್ನಿಸುತ್ತದೆ. ಆದರೆ ಮೊದಲ ಇಂಟರ್ನಲ್ಸ್‌ನಲ್ಲಿ ಬಂದದ್ದು 25ಕ್ಕೆ 11. ವ್ಯಾಖ್ಯೆಗಳನ್ನೆಲ್ಲ ಸರಿಯಾಗಿಯೇ ಬರೆದಿದ್ದೆ. ಉತ್ತರಪತ್ರಿಕೆಯ ಅಂಚಿನಲ್ಲಿ ಮೇಡಂ ಮೂರು ಕಡೆ ‘ಯಾರಿಗೆ?’ ಎಂದು ಬರೆದಿದ್ದಾರೆ. ನನಗೆ ಮಾತು ಕಡಿಮೆ. ಇನ್ನೊಬ್ಬರ ತಲೆಗೆ ವಸ್ತು ಕಟ್ಟುವುದು ನನ್ನಿಂದಾಗದು, ಅದು ಸರಿ ಅಂತಲೂ ಅನ್ನಿಸುವುದಿಲ್ಲ. ಈ ವಿಷಯ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ನಿಮ್ಮ ಮೇಡಂ ಅಂಚಿನಲ್ಲಿ ಬರೆದ ಆ ಒಂದು ಪದವನ್ನು ಹತ್ತೊಂಬತ್ತು ವರ್ಷ ಇದೇ ಪಾಠ ಮಾಡಿದ ನಾನು ಎಷ್ಟು ಉತ್ತರಪತ್ರಿಕೆಗಳ ಮೇಲೆ ಬರೆದಿದ್ದೇನೋ ಲೆಕ್ಕವಿಲ್ಲ. ನಿಮ್ಮ ಹನ್ನೊಂದು ಅಂಕದ ಕಾರಣವೂ ಅದರಲ್ಲೇ ಇದೆ, ಉಳಿದ ಹದಿನಾಲ್ಕಕ್ಕೆ ದಾರಿಯೂ ಅದರಲ್ಲೇ ಇದೆ.

ಮೊದಲ ವರ್ಷದವರಿಗೆ ನಾನು ಪ್ರತಿ ಸಲ ಒಂದು ಅಸೈನ್‌ಮೆಂಟ್ ಕೊಡುತ್ತಿದ್ದೆ: ಹೊಸ ನೀರಿನ ಬಾಟಲಿಯೊಂದನ್ನು ಮಾರುಕಟ್ಟೆಗೆ ತರಬೇಕು, ಯೋಜನೆ ಬರೆಯಿರಿ. ಹೆಚ್ಚಿನವರು ‘ನೀರು ಎಲ್ಲರಿಗೂ ಬೇಕು, ಆದ್ದರಿಂದ ಎಲ್ಲರೂ ನಮ್ಮ ಗ್ರಾಹಕರು’ ಎಂದು ಒಂದು ಸಾಲು ಬರೆದು, ಮರುಸಾಲಿಗೇ ಜಾಹೀರಾತಿಗೆ ಹಾರುತ್ತಿದ್ದರು. ಯಾವ ನಟ, ಯಾವ ಹಾಡು, ಯಾವ ಬಣ್ಣ ಎಂದು ಪುಟಗಟ್ಟಲೆ. ಒಂದು ವರ್ಷ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿ ಬೇರೆಯದೇ ತಂದಳು. ಅವಳ ಚಿಕ್ಕಮ್ಮ ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ. ಈಕೆ ಅವರನ್ನೂ ಅವರ ಜೊತೆಗಾರರನ್ನೂ ನೀರು ಕುಡಿಯುವ ಬಗ್ಗೆ ಕೇಳಿ ಬರೆದುಕೊಂಡಿದ್ದಳು. ಒಂದು ಕೈಯಲ್ಲಿ ಯಾವಾಗಲೂ ಏನಾದರೂ ಇರುತ್ತದೆ, ಹಾಗಾಗಿ ಮುಚ್ಚಳ ಇನ್ನೊಂದೇ ಕೈಯಲ್ಲಿ ತೆರೆಯಬೇಕು. ಬಿದ್ದರೆ ಉರುಳಿಕೊಂಡು ಹೋಗಬಾರದು, ಸದ್ದೂ ಆಗಬಾರದು, ಮಲಗಿದವರಿಗೆ ಎಚ್ಚರವಾಗುತ್ತದೆ. ಬಿಸಿನೀರಲ್ಲಿ ತೊಳೆಯುವಂತಿರಬೇಕು. ಬೆಳಗಾಗುವ ಹೊತ್ತಿಗೆ ಎಷ್ಟು ಕುಡಿದೆ ಎಂದು ಗೊತ್ತಾಗಲು ಪಕ್ಕದಲ್ಲಿ ಗೆರೆ ಬೇಕು. ಎಲ್ಲಿ ಮಾರುವುದು? ಅವರು ಯೂನಿಫಾರ್ಮ್ ಮತ್ತು ಶೂ ಕೊಳ್ಳುವ ಅಂಗಡಿಯಲ್ಲೇ. ಪ್ರಚಾರ ಹೇಗೆ? ಒಂದು ವಾರ್ಡಿನಲ್ಲಿ ಒಬ್ಬರ ಕೈಯಲ್ಲಿ ಕಂಡರೆ ಸಾಕು, ಉಳಿದವರು ತಾವೇ ವಿಚಾರಿಸುತ್ತಾರೆ.

ಇಡೀ ಯೋಜನೆ ಎರಡೇ ಪುಟ. ‘ಯಾರಿಗೆ’ ಎಂಬುದು ಗಟ್ಟಿಯಾದದ್ದರಿಂದ ಉಳಿದ ಉತ್ತರಗಳು ಒಂದರ ಹಿಂದೆ ಒಂದು ತಾವಾಗಿ ಬಂದಿದ್ದವು. ಆ ಹುಡುಗಿ ತರಗತಿಯಲ್ಲಿ ಬಾಯಿ ಬಿಟ್ಟದ್ದು ಕಡಿಮೆ. ಅವಳಿಗೆ ಕೇಳಿಸಿಕೊಳ್ಳುವುದು ಬರುತ್ತಿತ್ತು. ಮಾತು ಕಡಿಮೆ ಅಂತ ನೀವು ಅಂಜುತ್ತಿದ್ದೀರಲ್ಲ, ಅದಕ್ಕೇ ಇವಳ ಕಥೆ ಹೇಳಿದೆ.

ಈಗ ಪುಸ್ತಕದ ಮಾತು. ಪ್ರಾಡಕ್ಟ್ (ವಸ್ತು), ಪ್ರೈಸ್ (ಬೆಲೆ), ಪ್ಲೇಸ್ (ಮಾರುವ ಜಾಗ), ಪ್ರಮೋಷನ್ (ಪ್ರಚಾರ) ಎಂಬ ನಾಲ್ಕು ‘ಪಿ’ಗಳನ್ನು 1960ರಲ್ಲಿ ಅಮೆರಿಕದ ಮಾರ್ಕೆಟಿಂಗ್ ಪ್ರಾಧ್ಯಾಪಕ ಜೆರೋಮ್ ಮೆಕಾರ್ಥಿ ಹೀಗೆ ಗುಂಪು ಮಾಡಿದರು. ನೆನಪಿಡಲು ಅಷ್ಟು ಸುಲಭವಾದದ್ದೇ ತೊಂದರೆಯಾಗಿದೆ, ಮಕ್ಕಳು ಅಲ್ಲಿಂದಲೇ ಶುರು ಮಾಡುತ್ತಾರೆ. ಅದಕ್ಕೂ ಮೊದಲೇ, 1956ರಲ್ಲಿ, ಮಾರ್ಕೆಟಿಂಗ್ ತಜ್ಞ ವೆಂಡೆಲ್ ಸ್ಮಿತ್ ಮಾರುಕಟ್ಟೆಯನ್ನು ಒಂದೇ ರಾಶಿಯಾಗಿ ನೋಡದೆ ಬೇರೆ ಬೇರೆ ಬೇಡಿಕೆಯ ಗುಂಪುಗಳಾಗಿ ನೋಡುವ ಬಗ್ಗೆ ಬರೆದಿದ್ದರು. ನಿಮ್ಮ ನೋಟ್ಸ್‌ನಲ್ಲಿ ಸೆಗ್ಮೆಂಟೇಶನ್ ಎಂದಿರುವುದು ಇದೇ. ಗುಂಪು ಮಾಡುವುದು, ಒಂದನ್ನು ಆರಿಸುವುದು, ಅವರ ಮನಸ್ಸಿನಲ್ಲಿ ಯಾವ ಜಾಗ ಬೇಕೆಂದು ತೀರ್ಮಾನಿಸುವುದು, ಇಷ್ಟಾದ ಮೇಲೆ ನಾಲ್ಕು ‘ಪಿ’. ಸಿಲಬಸ್‌ನಲ್ಲಿ ಯಾವ ಘಟಕ ಮೊದಲು ಬಂದರೂ ಉತ್ತರ ಬರೆಯುವಾಗ ಈ ಕ್ರಮ ತಪ್ಪಿಸಬೇಡಿ.

ನೀವು ವಿಜ್ಞಾನದವರು ಎನ್ನುವುದು ಬೆಲೆಯ ಪಾಠದಲ್ಲಿ ಕೈ ಹಿಡಿಯುತ್ತದೆ. ಅಲ್ಲಿ ಹೆಚ್ಚಿನವರು ‘ಬೆಲೆ ಇಳಿಸಿದರೆ ಮಾರಾಟ ಏರುತ್ತದೆ’ ಎಂದು ಬರೆದು ಸುಮ್ಮನಾಗುತ್ತಾರೆ. ನೀವು ಲೆಕ್ಕ ಹಾಕಿ. ಒಂದು ವಸ್ತುವಿನ ಬೆಲೆ 100, ಅದನ್ನು ತಯಾರಿಸಲು ತಗಲುವುದು 60, ಕೈಗೆ ಉಳಿಯುವುದು 40. ತಿಂಗಳಿಗೆ 300 ಹೋಗುತ್ತಿದ್ದರೆ ಉಳಿಕೆ 12,000. ಈಗ ಬೆಲೆಯಲ್ಲಿ ಹತ್ತು ಇಳಿಸಿ. ಗ್ರಾಹಕನಿಗೆ ಕಾಣುವುದು ಹತ್ತನೇ ಒಂದು ಪಾಲಿನ ರಿಯಾಯಿತಿ. ಆದರೆ ನಿಮ್ಮ ಉಳಿಕೆ 40ರಿಂದ 30ಕ್ಕೆ ಬಿತ್ತು, ಅಂದರೆ ಕಾಲುಭಾಗ ಹೋಯಿತು. ಅದೇ 12,000 ಬರಬೇಕಾದರೆ 400 ಮಾರಬೇಕು. ಇನ್ನೂ ನೂರು ಜನ ಎಲ್ಲಿಂದ ಬರುತ್ತಾರೆ? ಮತ್ತೆ ಬಂದು ನಿಂತದ್ದು ‘ಯಾರಿಗೆ’ ಎಂಬಲ್ಲೇ. ಇಷ್ಟು ಲೆಕ್ಕ ಉತ್ತರಪತ್ರಿಕೆಯಲ್ಲಿ ಕಂಡರೆ ಯಾವ ಮೌಲ್ಯಮಾಪಕರಿಗೂ ಖುಷಿಯಾಗುತ್ತದೆ.

ತಲೆಗೆ ಕಟ್ಟುವ ಮಾತಿಗೆ ಬರುತ್ತೇನೆ. ಪಾಠಕ್ಕೆ ಬರುವ ಮೊದಲು ನಾನು ನಾಲ್ಕು ವರ್ಷ ಸೇಲ್ಸ್‌ನಲ್ಲಿದ್ದೆ. ಒಂದು ತಿಂಗಳ ಕೊನೆಯಲ್ಲಿ ಟಾರ್ಗೆಟ್‌ಗೆ ಒಂದೇ ಯಂತ್ರ ಕಡಿಮೆಯಿತ್ತು. ಇಬ್ಬರೇ ಕೂತು ಕೆಲಸ ಮಾಡುವ ಪುಟ್ಟ ಕಚೇರಿಯವರಿಗೆ, ಅವರು ಕೇಳಿದ್ದ ಚಿಕ್ಕದರ ಬದಲು ದೊಡ್ಡ ಜೆರಾಕ್ಸ್ ಯಂತ್ರ ಒಪ್ಪಿಸಿದೆ. ‘ಮುಂದೆ ಬೇಕಾಗುತ್ತೆ ಸಾರ್’ ಎಂದಿದ್ದೆ. ಮೂರು ತಿಂಗಳ ನಂತರ ಸರ್ವಿಸ್ ಪತ್ರಕ್ಕೆ ಸಹಿ ಹಾಕಿಸಲು ಹೋದಾಗ ಯಂತ್ರಕ್ಕೆ ಬಟ್ಟೆ ಮುಚ್ಚಿ ಅದರ ಮೇಲೆ ಫೈಲು ಜೋಡಿಸಿದ್ದರು. ಆ ಹಿರಿಯರು ಒಂದು ಮಾತೂ ಬೈಯಲಿಲ್ಲ. ‘ಕಂತು ಇನ್ನೂ ಇದೆಯಮ್ಮಾ’ ಎಂದರು ಅಷ್ಟೆ. ಆ ಬಟ್ಟೆಯ ನೀಲಿ ಚೌಕಳಿ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ.

1960ರಲ್ಲೇ ಮಾರ್ಕೆಟಿಂಗ್ ಪ್ರಾಧ್ಯಾಪಕ ಥಿಯೊಡೋರ್ ಲೆವಿಟ್ ಈ ಗೆರೆ ಎಳೆದಿದ್ದರು: ಮಾರಾಟ ನೋಡುವುದು ಮಾರುವವನ ಅಗತ್ಯವನ್ನು, ಮಾರ್ಕೆಟಿಂಗ್ ನೋಡುವುದು ಕೊಳ್ಳುವವನ ಅಗತ್ಯವನ್ನು. ಅವತ್ತು ನಾನು ಮಾಡಿದ್ದು ಮೊದಲನೆಯದು, ಅದೂ ಕೆಟ್ಟ ರೀತಿಯಲ್ಲಿ. ಹಾಗೆ ಮೋಸ ಮಾಡಲು ಈ ವಿಷಯ ಬಳಸುವವರಿಲ್ಲವೇ? ಇದ್ದಾರೆ. ಅದನ್ನು ಗುರುತಿಸುವುದಕ್ಕಾದರೂ ನಿಮ್ಮಂಥವರು ಇದನ್ನು ಓದಬೇಕು. ನಿಮಗೆ ಸರಿ ಅನ್ನಿಸದ್ದನ್ನು ಅಸೈನ್‌ಮೆಂಟ್‌ನಲ್ಲೇ ಕಾರಣ ಸಹಿತ ಬರೆಯಿರಿ.

ಇಂದೇ ಒಂದು ಕೆಲಸ ಶುರು ಮಾಡಿ. ನೀವು ದಿನವೂ ಬಳಸುವ ಒಂದು ವಸ್ತು ಆರಿಸಿಕೊಳ್ಳಿ, ಕೊಡೆಯೋ ಚಪ್ಪಲಿಯೋ ಏನಾದರೂ. ಸೆಮಿಸ್ಟರ್ ಮುಗಿಯುವವರೆಗೆ ಅದನ್ನು ಬದಲಿಸಬೇಡಿ. ಒಂದೊಂದು ಪಾಠ ಮುಗಿದಂತೆ ಆ ಪಾಠದ ಕಣ್ಣಿನಿಂದ ಅದರ ಬಗ್ಗೆ ಅರ್ಧ ಪುಟ ಬರೆಯಿರಿ. ಪರೀಕ್ಷೆಯಲ್ಲಿ ಯಾವ ಪ್ರಶ್ನೆ ಬಂದರೂ ಉದಾಹರಣೆಗೆ ತಡಕಾಡಬೇಕಾಗುವುದಿಲ್ಲ.

ಪ್ರಶ್ನೆ: ನಮ್ಮ ಗುಂಪು ಪ್ರಾಜೆಕ್ಟ್‌ಗಾಗಿ ಮಡಚಿ ಬ್ಯಾಗಿನಲ್ಲಿಡುವ ಓದುವ ದೀಪದ ಬಗ್ಗೆ 60 ಜನರ ಸಮೀಕ್ಷೆ ಮಾಡಿದೆವು. 52 ಮಂದಿ ‘ಖಂಡಿತ ಕೊಳ್ಳುತ್ತೇವೆ’ ಎಂದರು. ಸರ್ ಅದನ್ನು ಒಪ್ಪುತ್ತಿಲ್ಲ. ಇದಕ್ಕಿಂತ ಇನ್ನೆಂಥ ಪುರಾವೆ ಬೇಕು?

ಉತ್ತರ: ಪಟ್ಟಿ ಹಿಡಿದು ಎದುರಿಗೆ ನಿಂತ ಹುಡುಗರಿಗೆ ಇಲ್ಲ ಎನ್ನಲು ಹೆಚ್ಚಿನವರಿಗೆ ಮನಸ್ಸು ಬರುವುದಿಲ್ಲ. ಆ 52ರಲ್ಲಿ ಎಷ್ಟು ದಾಕ್ಷಿಣ್ಯ, ಎಷ್ಟು ಬೇಡಿಕೆ ಎಂದು ಬಿಡಿಸುವುದು ಹೇಗೆ? ನಿಮ್ಮ ಸರ್ ತಡೆಯುತ್ತಿರುವುದು ಇದಕ್ಕೇ.

ದೊಡ್ಡವರೂ ಇಲ್ಲಿ ಎಡವಿದ್ದಾರೆ. ಕೋಕಾ-ಕೋಲಾ 1985ರ ಏಪ್ರಿಲ್‌ನಲ್ಲಿ ತನ್ನ ಹಳೆಯ ರುಚಿ ಬದಲಿಸಿತು. ಅದಕ್ಕೂ ಮೊದಲು ಎರಡು ಲಕ್ಷದಷ್ಟು ಜನರಿಗೆ ಕುಡಿಸಿ ಕೇಳಿತ್ತು, ಹೊಸದೇ ಹೆಚ್ಚು ಹಿಡಿಸಿತ್ತು. ಹೊಸದು ಬಂದರೆ ಹಳೆಯದು ಸಿಗುವುದಿಲ್ಲ ಎಂಬ ಮಾತು ಆ ರುಚಿ ಪರೀಕ್ಷೆಯೊಳಗೆ ಬಂದಿರಲಿಲ್ಲ. ಜನ ಸಿಟ್ಟಾದರು, 79 ದಿನಗಳಲ್ಲಿ ಹಳೆಯದನ್ನು ಮರಳಿ ತರಬೇಕಾಯಿತು. ಎರಡು ಲಕ್ಷ ಜನ ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದರು.

ನಿಮ್ಮ ಪಟ್ಟಿಯಿಂದ ‘ಕೊಳ್ಳುತ್ತೀರಾ’ ಎಂಬುದನ್ನು ತೆಗೆದುಬಿಡಿ. ಆಗುವುದನ್ನು ಬಿಟ್ಟು ಆಗಿಹೋದದ್ದನ್ನು ಕೇಳಿ. ಕಳೆದ ಸಲ ಬೆಳಕಿಲ್ಲದೆ ಓದಲಾಗದೇ ಹೋದದ್ದು ಯಾವಾಗ? ಆಗ ಏನು ಮಾಡಿದಿರಿ? ಮೊಬೈಲಿನ ಟಾರ್ಚ್ ಸಾಕಾಯಿತೇ? ಅದಕ್ಕಾಗಿ ಈವರೆಗೆ ಏನಾದರೂ ಕೊಂಡಿದ್ದೀರಾ, ಕೊಂಡದ್ದು ಈಗ ಎಲ್ಲಿದೆ? ಅರವತ್ತು ಜನ ಬೇಡ, ಹನ್ನೆರಡು ಜನರ ಜೊತೆ ಕೂತು ನಿಧಾನವಾಗಿ ಮಾತಾಡಿ, ಅವರ ಮಾತನ್ನು ತಿದ್ದದೆ ಹಾಗೆಯೇ ಬರೆದುಕೊಳ್ಳಿ. ‘ನೆನಪಿಲ್ಲ’ ಎಂದವರನ್ನೂ ಬಿಡದೆ ಬರೆಯಿರಿ. ನೆನಪಿನಲ್ಲೂ ಉಳಿಯದ ತೊಂದರೆಗೆ ಯಾರೂ ದುಡ್ಡು ಬಿಚ್ಚುವುದಿಲ್ಲ, ಆ ಸಂಗತಿ ನಿಮ್ಮ ವರದಿಯ ಮೊದಲ ಪುಟದಲ್ಲೇ ಇರಬೇಕು.