ಟ್ರೈಔಟ್ ದಿನ ಮೈ ಬಿಗಿಹಿಡಿದರೆ

ಪ್ರಶ್ನೆ: ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದೇವೆ. 10 ವರ್ಷದ ಮಗ ಪಾರ್ಕ್‌ನಲ್ಲಿ ಬೇಸ್‌ಬಾಲ್ ಚೆನ್ನಾಗಿಯೇ ಆಡುತ್ತಾನೆ. ಹೋದ ವರ್ಷ ಲಿಟಲ್ ಲೀಗ್ (ಮಕ್ಕಳ ಬೇಸ್‌ಬಾಲ್ ಲೀಗ್) ಆಯ್ಕೆಯ ಪರೀಕ್ಷೆ, ಅಂದರೆ ಟ್ರೈಔಟ್‌ನಲ್ಲಿ ಮೊದಲ ಚೆಂಡು ಬಿಟ್ಟ, ಆಮೇಲೆ ಎಲ್ಲವೂ ಕೆಟ್ಟಿತು. ‘ರಿಲ್ಯಾಕ್ಸ್ ಆಗು’ ಅಂತ ಎಷ್ಟು ಹೇಳಿದರೂ ಆಗುತ್ತಿಲ್ಲ.

ಉತ್ತರ: ಮೊದಲು ಆ ಮಾತು ನಿಲ್ಲಿಸಿ. ಅದನ್ನು ಕೇಳಿದ ಮಗುವಿನ ಗಮನವೆಲ್ಲ ತನ್ನ ಹೆದರಿಕೆಯ ಮೇಲೆಯೇ ಹೋಗುತ್ತದೆ. ಮಾಡಲು ಏನಾದರೂ ಸಣ್ಣ ಕೆಲಸ ಕೊಡಿ.

ಅಲ್ಲಿ ಏನೇನು ನಡೆಯುತ್ತದೆಂದು ಅವನಿಗೆ ಮೊದಲೇ ಗೊತ್ತಿರಲಿ. ಸಾಮಾನ್ಯವಾಗಿ ಬೆನ್ನಿಗೆ ನಂಬರ್ ಚೀಟಿ ಅಂಟಿಸುತ್ತಾರೆ. ನೆಲದಲ್ಲಿ ಉರುಳಿ ಬರುವ ನಾಲ್ಕೈದು ಚೆಂಡು ಹಿಡಿದು ಮೊದಲ ಬೇಸ್‌ಗೆ (ಓಡುವವರು ಮುಟ್ಟಬೇಕಾದ ಮೊದಲ ಗುರುತಿಗೆ) ಎಸೆಯಬೇಕು, ಮೇಲಕ್ಕೆ ಹೊಡೆದ ಒಂದೆರಡು ಹಿಡಿಯಬೇಕು, ಐದಾರು ಸಲ ಬ್ಯಾಟ್ ಬೀಸಬೇಕು, ಬೇಸ್ ಓಡಬೇಕು. ಕೋಚ್‌ಗಳು ಅಂಕ ಬರೆದುಕೊಂಡು ಆಮೇಲೆ ಡ್ರಾಫ್ಟ್‌ನಲ್ಲಿ, ಅಂದರೆ ಸರದಿಯಂತೆ, ಮಕ್ಕಳನ್ನು ಆರಿಸಿಕೊಳ್ಳುತ್ತಾರೆ. ಲಿಟಲ್ ಲೀಗ್‌ನಲ್ಲಿ ಬಹುಪಾಲು ಇದು ಯಾವ ತಂಡ, ಯಾವ ಹಂತ ಅಂತ ತೀರ್ಮಾನಿಸುವುದಕ್ಕಷ್ಟೇ. ಊರೂರಿಗೆ ಹೋಗಿ ಆಡುವ ಟ್ರಾವೆಲ್ ತಂಡಗಳಲ್ಲಾದರೆ ಮಕ್ಕಳನ್ನು ಕೈಬಿಡುವುದೂ ಉಂಟು. ಇದು ಯಾವುದು ಅಂತ ಮಗನಿಗೆ ಸ್ಪಷ್ಟವಾಗಿ ಹೇಳಿ.

ಕೆಡುವುದು ಹೆಚ್ಚಾಗಿ ಸಾಲಿನಲ್ಲಿ ಕಾಯುವಾಗ. ಹದಿನೈದು ನಿಮಿಷ ಸುಮ್ಮನೆ ನಿಂತರೆ ಮೈ ತಣ್ಣಗಾಗುತ್ತದೆ, ತಲೆ ಮಾತ್ರ ಓಡುತ್ತಿರುತ್ತದೆ. ಆದ್ದರಿಂದ ತಾಲೀಮಿನಲ್ಲೂ ಕಾಯಿಸಿ: ಬೆನ್ನಿಗೆ ನಂಬರ್ ಅಂಟಿಸಿ, ಹತ್ತು ನಿಮಿಷ ನಿಲ್ಲಿಸಿ, ಅವನಿಗೆ ಅಷ್ಟಾಗಿ ಪರಿಚಯವಿಲ್ಲದ ಸ್ನೇಹಿತರೊಬ್ಬರಿಂದ ಬರೀ ಮೂರು ಚೆಂಡು ಹೊಡೆಸಿ. ಸಾಲಿನಲ್ಲಿ ನಿಂತಾಗ ಜಾಕೆಟ್ ಹಾಕಿಕೊಂಡೇ ಇರಲಿ, ಪಾದ ಆಡುತ್ತಿರಲಿ, ಚೆಂಡನ್ನು ಗ್ಲವ್‌ಗೆ ತಟ್ಟುತ್ತಿರಲಿ.

ಮುಂಗೈ ಬಿಗಿಯಾದರೆ ಬ್ಯಾಟ್ ನಿಧಾನವಾಗಿ, ಹೊಡೆತ ತಡವಾಗುತ್ತದೆ. ಎಸೆಯುವಾಗ ಚೆಂಡು ಬೇಗ ಬಿಟ್ಟರೆ ತಲೆಯ ಮೇಲೆ ಹಾರುತ್ತದೆ, ತಡವಾಗಿ ಬಿಟ್ಟರೆ ಮಣ್ಣಿಗೆ ಬಡಿಯುತ್ತದೆ. ತನ್ನ ಸರದಿಗೆ ಮುಂಚೆ ಬ್ಯಾಟನ್ನು 5 ಸೆಕೆಂಡ್ ಗಟ್ಟಿಯಾಗಿ ಹಿಸುಕಿ ಪೂರ್ತಿ ಸಡಿಲಿಸಲಿ, ಹೀಗೆ ಮೂರು ಸಲ. ಬಿಗಿತ ಯಾವುದು, ಸಡಿಲ ಯಾವುದು ಅಂತ ಕೈಗೇ ಗೊತ್ತಾಗುತ್ತದೆ. ಬ್ಯಾಟ್ ಅಂಗೈ ಒಳಗೆ ಕೂರದೆ ಬೆರಳುಗಳಲ್ಲಿರಲಿ. ಪ್ರತಿ ಚೆಂಡಿಗೆ ಮುಂಚೆ ಒಂದೇ ಉಸಿರು: 4 ಎಣಿಸುತ್ತ ಒಳಗೆ, 6 ಎಣಿಸುತ್ತ ಹೊರಗೆ, ಜತೆಗೆ ಭುಜ ಇಳಿಯಲಿ.

ಚೆಂಡು ಕಾಲ ನಡುವೆ ಹೋಯಿತು ಅಂದುಕೊಳ್ಳಿ. ಓಡಿಹೋಗಿ ಎತ್ತಿಕೊಂಡು ಎಸೆಯಬೇಕು. ಅನುಭವಿ ಕೋಚ್‌ಗಳು ಅದನ್ನೂ ಗಮನಿಸುತ್ತಾರೆ. ವಾಪಸ್ ಬಂದು ಕಾಲಲ್ಲಿ ಮಣ್ಣು ಒಮ್ಮೆ ಸವರಿ, ತಾನೇ ಆರಿಸಿಕೊಂಡ ಒಂದು ಮಾತು, ‘ಮುಂದಿನದು’ ಅಂತಲೇ ಇರಲಿ, ಹೇಳಿಕೊಂಡು ಗ್ಲವ್ ನೆಲಕ್ಕೆ ತಾಗಿಸಿ ಕೂರಲಿ. ಇದನ್ನೂ ಮನೆಯಲ್ಲಿ ಅಭ್ಯಾಸ ಮಾಡಿಸಿ, ಬೇಕೆಂದೇ ಹಿಡಿಯಲಾಗದ ಚೆಂಡು ಹಾಕಿ.

ಹೊಸ ಗ್ಲವ್ ಬೇಡ, ಗಟ್ಟಿ ಚರ್ಮದಿಂದ ಚೆಂಡು ಪುಟಿದು ಆಚೆ ಬೀಳುತ್ತದೆ. ಬ್ಯಾಟ್ ಮೇಲೆ ‘ಯುಎಸ್‌ಎ ಬೇಸ್‌ಬಾಲ್’ ಮುದ್ರೆ ಇದೆಯೇ ನೋಡಿ. ಲಿಟಲ್ ಲೀಗ್‌ನಲ್ಲಿ 2018ರಿಂದ ಆ ನಿಯಮವಿದೆ. ಅಲ್ಲಿ ಬ್ಯಾಟ್ ಬದಲಿಸಬೇಕಾಗಿ ಬಂದರೆ ಇಷ್ಟು ಮಾಡಿದ್ದೂ ವ್ಯರ್ಥ.

ಇನ್ನು ಅಪ್ಪಂದಿರು. ಕ್ರಿಕೆಟ್ ಆಡಿ ಬೆಳೆದವರಿಗೆ ಬೇಲಿಯಾಚೆಯಿಂದ ‘ನೇರ ಬ್ಯಾಟ್‌ನಲ್ಲಿ ಆಡೋ’ ಅಂತ ಕೂಗುವ ಚಪಲ. ಆ ವಾರ ತಂತ್ರದ ಮಾತು ಒಂದೂ ಬೇಡ. ಕಾರಿನಲ್ಲಿ ಹೋಗುವಾಗಲೂ.

ಪ್ರಶ್ನೆ: 11ರ ಮಗಳು ಬೇಸ್‌ಬಾಲ್ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವವಳು) ಆಗಲು ಟ್ರೈಔಟ್ ಕೊಡುತ್ತಾಳೆ. ಹಿಂದಿನ ದಿನ ಎಷ್ಟು ಎಸೆಯಬಹುದು? (ಪ್ಲೇನೋ, ಟೆಕ್ಸಸ್)

ಉತ್ತರ: ಪಿಚ್‌ಗಳು (ಪಿಚರ್‌ನ ಎಸೆತಗಳು) 20 ದಾಟದಿರಲಿ. ಅವಳ ವಯಸ್ಸಿಗೆ ಲಿಟಲ್ ಲೀಗ್ ಮಿತಿ ದಿನಕ್ಕೆ 85. ಆದರೆ 21 ಆದರೂ ಸಾಕು, ಒಂದು ದಿನ ವಿಶ್ರಾಂತಿ ಕಡ್ಡಾಯ. ಟ್ರೈಔಟ್‌ಗೆ ಈ ಲೆಕ್ಕ ಅನ್ವಯಿಸದಿದ್ದರೂ ತೋಳಿಗೆ ಅದೇ ಸರಿ. ಟ್ರೈಔಟ್ ದಿನ 5 ನಿಮಿಷ ಓಡಿ ಮೈ ಬಿಸಿ ಮಾಡಿಕೊಂಡು, 9 ಮೀಟರ್‌ನಿಂದ ಶುರು ಮಾಡಿ ಮೆಲ್ಲಗೆ 14 ಮೀಟರ್‌ಗೆ ಬರಲಿ. ಪಿಚಿಂಗ್ ದೂರ ಅದೇ. ಭಯದಲ್ಲಿ ಮಕ್ಕಳು ಮೊದಲ ಪಿಚ್ಚನ್ನೇ ಶಕ್ತಿಯೆಲ್ಲ ಹಾಕಿ ಎಸೆದು ಹಿಂಬದಿಯ ಬೇಲಿಗೆ ಹೊಡೆಯುತ್ತಾರೆ. ಮೊದಲ ಮೂರು ಪಿಚ್ ಮುಕ್ಕಾಲು ವೇಗದಲ್ಲಿ, ಕ್ಯಾಚರ್ ಗ್ಲವ್‌ನ ಮಧ್ಯಕ್ಕೆ ಹೋಗಲಿ. ಕರ್ವ್ ಬಾಲ್ (ಗಾಳಿಯಲ್ಲಿ ತಿರುಗುವ ಎಸೆತ) ತೋರಿಸುವ ಆಸೆಯನ್ನು ಮನೆಯಲ್ಲೇ ಬಿಟ್ಟು ಬರಲಿ.