ದುಡ್ಡಿರೋ ದೇಶದಲ್ಲಿ ಮದ್ವೆ ಯಾಕಿಲ್ಲ?

ಪ್ರಶ್ನೆ: ಸರ್, ನಮ್ಮಣ್ಣನ ಮಗ ಜಪಾನಲ್ಲಿದಾನೆ, ಅವನ ಆಫೀಸಲ್ಲಿ ನಲವತ್ತು ದಾಟಿದೋರೂ ಮದ್ವೆ ಆಗಿಲ್ವಂತೆ. ಅಷ್ಟು ಮುಂದುವರಿದ ದೇಶದಲ್ಲಿ ಯಾಕೆ ಹಿಂಗೆ?
– ಓದುಗರೊಬ್ಬರು, ತಿಪಟೂರು

ಉತ್ತರ: ದುಡ್ಡಿರೋದು ದೇಶದ ಹತ್ರ ಸ್ವಾಮಿ, ಮದ್ವೆ ವಯಸ್ಸಿನ ಹುಡುಗನ ಹತ್ರ ಅಲ್ಲ. 1972ರಲ್ಲಿ ಜಪಾನಲ್ಲಿ ಹೆಚ್ಚುಕಮ್ಮಿ 11 ಲಕ್ಷ ಮದ್ವೆ ಆಗಿತ್ತು, 2023ರಲ್ಲಿ 5 ಲಕ್ಷಾನೂ ಮುಟ್ಲಿಲ್ಲ. ಹರೆಯದವರೇ ಕಮ್ಮಿ ಆಗಿದಾರೆ, ಅದೊಂದು. ಆಮೇಲೆ 1990ರ ಸುಮಾರಿಗೆ ಶೇರು, ಸೈಟಿನ ರೇಟು ಎಲ್ಲಾ ಬಿದ್ಮೇಲೆ ಕಂಪನಿಗಳು ಪರ್ಮನೆಂಟ್ ಬಿಟ್ಟು ಕಾಂಟ್ರಾಕ್ಟಿಗೆ ತಗೊಳಕ್ಕೆ ಶುರು ಮಾಡಿದ್ವು, ಆ ಕಾಂಟ್ರಾಕ್ಟ್ ಹುಡುಗರಿಗೆ ಹೆಣ್ಣು ಸಿಗೋದೇ ಕಷ್ಟ, ನಮ್ಮಲ್ಲಿ 'ಗೌರ್ಮೆಂಟ್ ಕೆಲ್ಸನಾ' ಅಂತ ಕೇಳ್ತಾರಲ್ಲ ಹಂಗೇನೇ.

ಹೆಣ್ಮಕ್ಕಳ ಲೆಕ್ಕ ಬೇರೆ. ಗಂಡ ರಾತ್ರಿ ಹತ್ತಕ್ಕೆ ಬರ್ತಾನೆ, ಅಡ್ಗೆ, ಮಗು, ವಯಸ್ಸಾದ ಅತ್ತೆಮಾವ ಎಲ್ಲಾ ಇವಳ ತಲೆಗೇ, ಕೈಲಿ ಸಂಬಳ ಇರೋಳು ಯಾಕಪ್ಪಾ ಬೇಕು ಅನ್ನಲ್ವಾ? ಸಾಲದ್ದಕ್ಕೆ ಕಾನೂನು ಪ್ರಕಾರ ಗಂಡ ಹೆಂಡ್ತಿಗೆ ಒಂದೇ ಸರ್‌ನೇಮ್ ಇರ್ಬೇಕು, ಯಾರದ್ದಾದ್ರೂ ಆಗ್ಬೋದು ಅಂತಿದ್ರೂ 100ಕ್ಕೆ ಸುಮಾರು 95 ಕಡೆ ಬದಲಾಯ್ಸೋದು ಹೆಂಡ್ತೀನೇ, ಬ್ಯಾಂಕು, ಪಾಸ್‌ಪೋರ್ಟು, ವಿಸಿಟಿಂಗ್ ಕಾರ್ಡು ಅಂತ ಅಲೀಬೇಕು.

ಸ್ವೀಡನ್, ಫ್ರಾನ್ಸಲ್ಲೂ ಮದ್ವೆ ಕಮ್ಮಿನೇ, ಆದ್ರೆ ಅಲ್ಲಿ ತಾಳಿ ಇಲ್ದೇನೇ (ಅವರಿಗೆಲ್ಲಿ ತಾಳಿ, ಬಿಡಿ) ಸಂಸಾರ ನಡೀತದೆ, ಅರ್ಧಕ್ಕಿಂತ ಜಾಸ್ತಿ ಮಕ್ಕಳು ಹುಟ್ಟೋದು ಮದ್ವೆ ಆಗದ ಜೋಡಿಗೇ. ಜಪಾನಲ್ಲಿ ಅದಿನ್ನೂ ನೂರಕ್ಕೆ ಎರಡೋ ಮೂರೋ.

2024ರಲ್ಲಿ ಟೋಕಿಯೋ ಸರ್ಕಾರನೇ ಜೋಡಿ ಹುಡುಕೋ ಆ್ಯಪ್ ಬಿಡ್ತು, ಅದ್ರಲ್ಲೂ ಆದಾಯದ ದಾಖಲೆ ಕೇಳ್ತಾರೆ. ನಮ್ಮ ಮದ್ವೆ ಬ್ರೋಕರೂ ಮೊದ್ಲು ಅದನ್ನೇ ಅಲ್ವಾ ಕೇಳೋದು.